ಉಲ್ಟಾ ತಿರುಗುವ ಎಂಜಿನ್

ಹಿಲ್ಮಾ ರೌಟಿಯೋ ನಮ್ಮ ಅದಿರು ಕಾರ್ಖಾನೆಯ ರಿಪೇರಿ ಶೆಡ್ಡಿಗೆ ವೆಲ್ಡರ್ ಆಗಿ ಬಂದದ್ದು ೧೯೭೫ರ ಚಳಿಗಾಲದಲ್ಲಿ. ಆಗ ಅವಳಿಗೆ ನಲವತ್ತಾರು ವರ್ಷ. ಅಲ್ಲಿಯವರೆಗೆ ಆ ಶೆಡ್ಡಿನೊಳಗೆ ಇದ್ದ ಹೆಂಗಸೆಂದರೆ ಗೋಡೆಯ ಕ್ಯಾಲೆಂಡರಿನವಳು ಒಬ್ಬಳೇ. ಮೊದಲ ವಾರ ಹಿಲ್ಮಾಳ ಹೆಲ್ಮೆಟ್ಟಿನೊಳಗೆ ಗ್ರೀಸ್ ಬಳಿದವರಲ್ಲಿ ನಾನೂ ಒಬ್ಬ. ಅವಳು ಅದನ್ನು ಹಾಗೇ ತಲೆಗೇರಿಸಿ, ಹಣೆಯಿಂದ ಕಪ್ಪು ಇಳಿಯುತ್ತಿದ್ದರೂ ಎಂಟು ಗಂಟೆ ದುಡಿದಳು. ಪಾಳಿ ಮುಗಿದ ಮೇಲೆ ನೆಟ್ಟಗೆ ನನ್ನ ಹತ್ತಿರ ಬಂದಳು.

"ಲೂಡಿ, ಇದು ನಿನ್ನ ಡಬ್ಬದ ಗ್ರೀಸು. ಮರಳು ಸೇರಿದೆ, ನೋಡು. ನನ್ನ ತಲೆ ಹೋಗ್ಲಿ, ಇದನ್ನ ಬೇರಿಂಗಿಗೆ ಹಚ್ಚಿದ್ರೆ ಮೆಶಿನ್ನೇ ಹೋಗುತ್ತೆ."

ಆಮೇಲೆ ನಾವಿಬ್ಬರೂ ಸ್ನೇಹಿತರಾದೆವು. ನನ್ನ ಹೆಸರು ಲುಡ್ವಿಕ್ ಝಗಾರ್. ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ನನ್ನದು. ಬೇಸಿಗೆಯಲ್ಲಿ ಪೈಕ್‌ಬೋನ್ ಸರೋವರದ ದೋಣಿ ಕ್ಲಬ್ಬಿನ ಪಂದ್ಯಗಳಿಗೆ ಗಡಿಯಾರ ಹಿಡಿಯುವವನೂ ನಾನೇ. ಹದಿನೇಳು ವರ್ಷ ಹಿಡಿದೆ. ಸ್ವಂತ ದೋಣಿ ಇರಲಿಲ್ಲ. ಸಮಯ ಸರಿಯಾಗಿ ಬರೆಯುತ್ತೇನೆಂಬ ಹೆಸರೊಂದಿತ್ತು.

ಎರಡು ವರ್ಷ ಕಳೆದು ಒಂದು ಮಾರ್ಚ್ ಸೋಮವಾರ ಹಿಲ್ಮಾ ಊಟದ ಹೊತ್ತಿಗೆ ಬೆಂಚಿನ ಮೇಲೆ ಡಬ್ಬಿ ಕುಕ್ಕಿ ಕುಳಿತಳು. ಅವಳ ಗಂಡ ಸುಲೋ ಕಟ್ಟಿಕೊಟ್ಟ ಮಾಂಸದ ಕಡುಬು ಒಳಗಿತ್ತು. ತಿನ್ನಲಿಲ್ಲ.

"ಶನಿವಾರ ವೆಂಡೆಲ್ ಅಂಗಡಿಗೆ ಹೋಗಿದ್ದೆ" ಅಂದಳು.

ವೆಂಡೆಲ್ ಥೋರ್ಸ್ಟಾಡ್ ನಮ್ಮ ಊರಿನ ಒಂದೇ ದೋಣಿ ಅಂಗಡಿಯ ಮಾಲೀಕ. ಕ್ಲಬ್ಬಿನ ಅಧ್ಯಕ್ಷನೂ ಅವನೇ.

"ಯಾಕೆ?"

"ರೇಸಿನ ಎಂಜಿನ್ನಿಗೆ ರೇಟು ಕೇಳೋಕೆ. ಸಣ್ಣ ದೋಣಿಗೆ ಹಾಕ್ತಾರಲ್ಲ, ಅದಕ್ಕೆ. ಏನಂದ ಗೊತ್ತಾ? 'ಗಂಡನ್ನ ಕಳ್ಸಮ್ಮ, ಅವನ ಹತ್ರ ಮಾತಾಡ್ತೀನಿ' ಅಂದ."

ನನಗೆ ನಗು ಬಂತು. ಸುಲೋ ಶಾಲೆಯ ಬಸ್ಸು ಓಡಿಸುವವನು. ನೀರು ಕಂಡರೆ ಬೆಚ್ಚುತ್ತಾನೆ. ಆವಿಸ್ನಾನದ ಸೌನಾ ಕೋಣೆಯಿಂದ ಹೊರಬಂದು ಎಲ್ಲರೂ ಕೆರೆಗೆ ಧುಮುಕಿದರೆ ಅವನು ಬಕೆಟ್ಟಿನಲ್ಲಿ ಮೀಯುತ್ತಾನೆ.

"ಕೊನೆಗೆ ರೇಟು ಹೇಳಿದನೋ ಇಲ್ಲವೋ?"

"ಎರಡು ಸಾವಿರದ ಮುನ್ನೂರು ಡಾಲರು. ಬರೀ ಎಂಜಿನ್ನಿಗೆ. ಹೇಳ್ಬಿಟ್ಟು ನನ್ನ ಬೂಟ್ಸು ನೋಡಿ ನಕ್ಕ." ಹಿಲ್ಮಾ ಕಡುಬನ್ನು ಎರಡು ಮಾಡಿ ಒಂದನ್ನು ನನ್ನ ಕೈಗಿಟ್ಟಳು. "ಅವನ ಎಂಜಿನ್ನು ಅವನಿಗಿರಲಿ. ನಾನು ಹಿಮಗಾಡಿದು ಹಾಕ್ತೀನಿ."

ಹಿಮದ ಮೇಲೆ ಓಡುವ ಗಾಡಿ ಆಗ ನಮ್ಮ ಸೀಮೆಯಲ್ಲಿ ಬೀದಿ ನಾಯಿಗಿಂತ ಅಗ್ಗ. ಹತ್ತು ವರ್ಷದ ಹಿಂದೆ ಕಂಡಕಂಡವರೆಲ್ಲ ಅದನ್ನು ತಯಾರಿಸಲು ಹೊರಟು, ಅರ್ಧಕ್ಕರ್ಧ ಕಂಪನಿಗಳು ಬಾಗಿಲು ಹಾಕಿದ್ದವು. ಬಿಡಿಭಾಗ ಸಿಗದ ಗಾಡಿಗಳು ಪ್ರತಿ ಕೊಟ್ಟಿಗೆಯಲ್ಲೂ ಒಂದೊಂದು ಬಿದ್ದಿದ್ದವು. ಗಾಡಿಯ ಪಟ್ಟಿ ಹರಿದಿರುತ್ತಿತ್ತು, ಮುಂದಿನ ಹಲಗೆ ಮುರಿದಿರುತ್ತಿತ್ತು. ಎಂಜಿನ್ ಮಾತ್ರ ಚೆನ್ನಾಗಿಯೇ ಇರುತ್ತಿತ್ತು.

ಹಿಲ್ಮಾ ಅಂಥದ್ದೊಂದನ್ನು ನಲವತ್ತು ಡಾಲರಿಗೆ ತಂದಳು. ಆಲೂಗಡ್ಡೆ ಬೆಳೆಯುವ ಮುದುಕನೊಬ್ಬನ ಕೊಟ್ಟಿಗೆಯಲ್ಲಿ ಏಳು ವರ್ಷದಿಂದ ನಿಂತಿದ್ದ ಗಾಡಿ. ಎಂಜಿನ್ನಿನ ಗಾಳಿ ತೂರುವ ಫ್ಯಾನಿನೊಳಗೆ ಇಲಿಗಳು ಸಂಸಾರ ಹೂಡಿದ್ದವು. ಸುಲೋ ಆ ಮರಿಗಳನ್ನು ಒಂದೊಂದಾಗಿ ಎತ್ತಿ ಹಳೆಯ ಟೋಪಿಯಲ್ಲಿಟ್ಟು ಸೌದೆ ರಾಶಿಯ ಕೆಳಗೆ ಬಿಟ್ಟುಬಂದ.

"ನಲವತ್ತು ಡಾಲರಿಗೆ ಒಂದು ಎಂಜಿನ್ನು, ಆರು ಇಲಿ. ಲಾಭದ ವ್ಯಾಪಾರನೇ ಮಾಡಿದೀಯ ಬಿಡೆ" ಅಂದ.

ಎಂಜಿನ್ ಇದ್ದರೆ ಸಾಲದು. ಹಿಮಗಾಡಿಗೆ ಮೈನಸ್ ಇಪ್ಪತ್ತರ ಗಾಳಿ ತಂಪು ಕೊಡುತ್ತದೆ. ಜುಲೈ ಬಿಸಿಲಿನಲ್ಲಿ, ದೋಣಿಯ ಹೊಟ್ಟೆಯೊಳಗೆ, ಅದೇ ಎಂಜಿನ್ ಮೂರು ನಿಮಿಷಕ್ಕೆ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಿಲ್ಮಾ ಫ್ಯಾನನ್ನೇ ಕಿತ್ತೆಸೆದಳು. ಸಿಲಿಂಡರಿನ ಸುತ್ತಲಿನ ಅಲ್ಯೂಮಿನಿಯಂ ರೆಕ್ಕೆಗಳನ್ನು ಅರ್ಧಕ್ಕೆ ಕತ್ತರಿಸಿ, ಅವುಗಳ ಮೇಲೆ ತೆಳುವಾದ ತಗಡು ಸುತ್ತಿ ನೀರಿಳಿಯದಂತೆ ಬೆಸುಗೆ ಹಾಕಿದಳು. ಒಂದು ಕಡೆ ನೀರು ಒಳಕ್ಕೆ, ಇನ್ನೊಂದು ಕಡೆ ಹೊರಕ್ಕೆ. ಎಂಜಿನ್ನಿಗೆ ನೀರಿನ ಅಂಗಿ ತೊಡಿಸಿದ ಹಾಗೆ. ಹಳೆಯ ಅಲ್ಯೂಮಿನಿಯಂ ಬೆಸೆಯುವುದು ಎಂಥ ಕಷ್ಟವೆಂದು ಮಾಡಿದವರಿಗೇ ಗೊತ್ತು. ಕಣ್ಣು ಮಿಟುಕಿಸಿದರೆ ಲೋಹ ಕರಗಿ ತೂತಾಗುತ್ತದೆ. ಎರಡು ಸಿಲಿಂಡರ್ ಹಾಳಾದವು. ಬೇರೊಂದು ಗುಜರಿ ಗಾಡಿಯಿಂದ ತಂದ ಜೋಡಿ ನಿಂತಿತು. ಗಾಡಿಯ ಬೆಲ್ಟು ಕೂರುತ್ತಿದ್ದ ತುದಿಗೆ ನಾನು ಲೇತಿನಲ್ಲಿ ಒಂದು ಜೋಡಣೆ ಕಡೆದುಕೊಟ್ಟೆ. ಅಲ್ಲಿಂದ ಉಕ್ಕಿನ ಸರಳು ದೋಣಿಯ ತಳ ತೂರಿ ಪ್ರೊಪೆಲ್ಲರಿಗೆ ಹೋಗುತ್ತಿತ್ತು. ಗೇರು ಇಲ್ಲ, ಕ್ಲಚ್ಚು ಇಲ್ಲ. ಎಂಜಿನ್ ಶುರುವಾದರೆ ದೋಣಿ ಹೊರಟಿತೆಂದೇ ಅರ್ಥ. ಪ್ರೊಪೆಲ್ಲರಿನ ಹಿಂದೆ ಕೊಳವೆಯೊಂದನ್ನು ಬಾಗಿಸಿಟ್ಟಿದ್ದಳು. ದೋಣಿ ಓಡಿದಾಗ ಅದು ಚಿಮ್ಮಿಸುವ ಸರೋವರದ ನೀರೇ ಎಂಜಿನ್ನಿಗೆ ತಂಪು.

ದೋಣಿಯನ್ನು ಅವಳೇ ಕಟ್ಟಿದಳು. ಮನೆ ಮಾಡಿಗೆ ಹಾಕುವ ಪ್ಲೈವುಡ್ಡು, ಪೈನ್ ಮರದ ಪಕ್ಕೆಲುಬು. ಬಣ್ಣ ಕಾರ್ಖಾನೆಯವರು ರೈಲು ಡಬ್ಬಿಗಳಿಗೆ ಬಳಿದು ಮಿಕ್ಕಿದ್ದು. ಸುಟ್ಟ ಇಟ್ಟಿಗೆಯಂಥ ಆ ಕೆಂಪು ಯಾವ ದೋಣಿಯ ಮೇಲೂ ಚೆಂದ ಕಾಣುವುದಿಲ್ಲ.

ಮೇ ಕೊನೆಯಲ್ಲಿ ಮೊದಲ ಸಲ ನೀರಿಗಿಳಿಸಿದೆವು. ಸುಲೋ ದೋಣಿ ಕಟ್ಟುವ ಮರದ ಜೆಟ್ಟಿಯ ಮೇಲೆ ಕಂಬ ತಬ್ಬಿ ನಿಂತಿದ್ದ. ಹಿಲ್ಮಾ ಮಂಡಿಯೂರಿ ಕುಳಿತು ಹಗ್ಗ ಎಳೆದಳು. ಎಂಜಿನ್ ಒಂದೇ ಎಳೆತಕ್ಕೆ ಕೂಗಿತು. ಕೂಗಿದ್ದೇ ದೋಣಿ ಬಾಣದಂತೆ ಹೊರಟಿತು, ಆದರೆ ಹಿಂದಕ್ಕೆ! ಹಿಲ್ಮಾ ಮುಂದೆ ನೋಡುತ್ತಿದ್ದಳು, ದೋಣಿ ಹಿಂದೆ ಓಡುತ್ತಿತ್ತು. ಜೊಂಡಿನೊಳಗೆ ನುಗ್ಗಿ ಕೆಸರಲ್ಲಿ ಹೂತು ನಿಂತಿತು.

"ಅಯ್ಯೋ, ನೀರೇ ಬೇಡವಂತೆ ಕಣೆ, ಮನೆಗೆ ಹೊರಟುಬಿಡ್ತು!" ಸುಲೋ ಕೂಗಿದ.

ತಪ್ಪು ಪ್ರೊಪೆಲ್ಲರಿನದು. ಅದರ ಎಲೆಗಳು ಎಡಮುರಿಯವು, ಉಲ್ಟಾ ತಿರುಗಿದರೇ ದೋಣಿಯನ್ನು ಮುಂದೆ ನೂಕುವಂಥವು. ಅದಕ್ಕೇ ಯಾರಿಗೂ ಬೇಡವಾಗಿ ಮೂರು ಡಾಲರಿಗೆ ಸಿಕ್ಕಿತ್ತು. ಸರಿಯಾದದ್ದು ಕೊಳ್ಳಬೇಕಾದರೆ ವೆಂಡೆಲ್ ಅಂಗಡಿಗೇ ಹೋಗಬೇಕು. ಹಿಲ್ಮಾ ಸೊಂಟದವರೆಗೆ ಕೆಸರಲ್ಲಿ ನಿಂತು ಯೋಚಿಸಿದಳು.

"ಪ್ರೊಪೆಲ್ಲರ್ ಬದಲಾಗಲ್ಲ ಅಂದ್ರೆ ಎಂಜಿನ್ನೇ ಉಲ್ಟಾ ತಿರುಗ್ಲಿ" ಅಂದಳು. "ಟೂ-ಸ್ಟ್ರೋಕು ತಾನೆ? ಅದಕ್ಕೆ ಹಿಂದೂ ಇಲ್ಲ ಮುಂದೂ ಇಲ್ಲ. ಕಿಡಿ ಹೊತ್ತೋ ಗಳಿಗೆ ಬದಲಾಯಿಸಿದ್ರೆ ಆಯ್ತು."

ಹಾಗೇ ಮಾಡಿದಳು. ಆದರೆ ಎಳೆದು ಬಿಟ್ಟರೆ ತಾನೇ ಸುತ್ತಿಕೊಳ್ಳುವ ಹಗ್ಗದ ಪೆಟ್ಟಿಗೆ ಒಂದೇ ದಿಕ್ಕಿಗೆ ಎಳೆಯುವಂಥದು, ಅದನ್ನು ತೆಗೆಯಬೇಕಾಯಿತು. ಅದರ ಜಾಗದಲ್ಲಿ ಬರಿಯ ರಾಟೆ. ಪ್ರತಿ ಸಲವೂ ಹಗ್ಗವನ್ನು ಕೈಯಿಂದಲೇ ನಾಲ್ಕು ಸುತ್ತು ಸುತ್ತಿ ಎಳೆಯಬೇಕು. ಜೂನ್ ಹೊತ್ತಿಗೆ ದೋಣಿ ಮುಂದಕ್ಕೇ ಓಡಿತು. ಗಡಿಯಾರ ಹಿಡಿದು ನೋಡಿದೆ. ಗಂಟೆಗೆ ಐವತ್ತೆರಡು ಮೈಲಿ. ನಂಬದೆ ಮತ್ತೊಮ್ಮೆ ಓಡಿಸಲು ಹೇಳಿದೆ. ಐವತ್ತಮೂರು.

ಜುಲೈ ಪಂದ್ಯಕ್ಕೆ ಹೆಸರು ಕೊಡುವ ದಿನ ಕ್ಲಬ್ಬಿನ ಸಭೆಯಲ್ಲಿ ಮೂವತ್ತು ಜನರಿದ್ದರು. ಹಿಲ್ಮಾ ಅರ್ಜಿಯನ್ನು ಮೇಜಿನ ಮೇಲಿಟ್ಟಳು. ವೆಂಡೆಲ್ ಓದಿ ಪಕ್ಕಕ್ಕೆ ಸರಿಸಿದ.

"ನೋಡಮ್ಮ ಹಿಲ್ಮಾ, ಇದು ದೋಣಿ ರೇಸು. ಗುಜರಿ ಸಂತೆ ಅಲ್ಲ."

"ಗುಜರಿ ಅಂದ್ರೆ ನಿಮಗ್ಯಾಕೆ ಭಯ? ಗುಜರಿ ಹಿಂದೆ ಉಳೀತದೆ, ನೀವು ಮುಂದೆ ಹೋಗ್ತೀರ. ಅಷ್ಟೇ ತಾನೆ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ವೆಂಡೆಲ್ ಕೆಂಪಾದ. "ಹಿಮಗಾಡಿ ಎಂಜಿನ್ ನಿಯಮದಲ್ಲಿ ಇಲ್ಲ."

ನಿಯಮದ ಪುಸ್ತಕ ಇದ್ದದ್ದು ನನ್ನ ಬಳಿ. ನಾನು ಎದ್ದು ನಿಂತೆ. ನಮ್ಮಂಥವರು ಆ ಕೋಣೆಯಲ್ಲಿ ಕುರ್ಚಿ ಹಾಕುವವರೇ ಹೊರತು ಮಾತಾಡುವವರಲ್ಲ. "ಮೂರನೇ ನಿಯಮ" ಎಂದು ಓದಿದೆ. "ಎರಡು ಸಿಲಿಂಡರ್, ನಾನೂರ ನಲವತ್ತು ಸಿ.ಸಿ. ಮೀರಬಾರದು. ಇಷ್ಟೇ ಇರೋದು. ಎಂಜಿನ್ ಎಲ್ಲಿ ಹುಟ್ಟಿತು ಅಂತ ಕೇಳಿಲ್ಲ."

"ಹಾಗಾದ್ರೆ ಈಗಲೇ ತಿದ್ದುಪಡಿ ಮಾಡೋಣ. ದೋಣಿಗೇ ಅಂತ ಕಂಪನಿಯಲ್ಲಿ ತಯಾರಾದ ಎಂಜಿನ್ ಮಾತ್ರ."

"ತಿದ್ದುಪಡಿಗೆ ಮೂವತ್ತು ದಿನದ ನೋಟೀಸು ಬೇಕು. ಪಂದ್ಯಕ್ಕೆ ಇಪ್ಪತ್ತೆರಡೇ ದಿನ ಇದೆ."

ವೆಂಡೆಲ್ ನನ್ನನ್ನೇ ನೋಡಿದ. "ಲೂಡಿ, ನೀನು ಯಾರ ಕಡೆಯವನಪ್ಪ?"

"ಪುಸ್ತಕದ ಕಡೆ" ಅಂದೆ.

"ಸರಿ ಬಿಡು, ಓಡಿಸ್ಲಿ." ಅವನು ಅರ್ಜಿಗೆ ಸಹಿ ಗೀಚಿದ. "ಒಂದು ಸುತ್ತಿಗೇ ಅದರ ಪ್ರಾಣ ಹೋಗುತ್ತೆ. ಎಳ್ಕೊಂಡು ಬರೋ ದೋಣಿ ರೆಡಿ ಇಟ್ಟಿರ್ತೀನಿ."

ಮನೆಗೆ ನಡೆಯುವಾಗ ಕೇಳಿದೆ, "ಹಿಲ್ಮಾ, ನಿಜ ಹೇಳು. ಇದೆಲ್ಲ ವೆಂಡೆಲ್ ಮೇಲಿನ ಸಿಟ್ಟಿಗಾ?"

"ಸಿಟ್ಟು ಹೌದು. ಆದ್ರೆ ಸಿಟ್ಟು ಒಂದು ತಿಂಗಳಿಗೆ ಆರ್ತದೆ ಕಣೋ. ಇಡೀ ಜೀವಮಾನ ಬೇರೆಯವರ ಮೆಶಿನ್ನು ರಿಪೇರಿ ಮಾಡ್ದೆ. ಒಂದು ಸಲ ನಾನು ಮಾಡಿದ್ದರ ಮೇಲೆ ನಾನೇ ಕೂತು, ಅದು ಎಷ್ಟು ಓಡುತ್ತೋ ಅಷ್ಟೂ ಓಡಿಸ್ಬೇಕು. ಅವರು ಯಾರು ಬೇಡ ಅನ್ನೋಕೆ?"

ಪಂದ್ಯದ ದಿನ ಒಂಬತ್ತು ದೋಣಿಗಳು ಸಾಲಾಗಿ ನಿಂತಿದ್ದವು. ಎಂಟು ಹೊಳೆಯುವಂಥವು, ಒಂಬತ್ತನೆಯದು ಹಿಲ್ಮಾಳದು. ಅದರ ನಂಬರೂ ಒಂಬತ್ತೇ. ಮೂರು ಓಟ, ಮೂರರ ಅಂಕ ಕೂಡಿಸಿ ಗೆದ್ದವರ ತೀರ್ಮಾನ. ಮೊದಲ ಓಟದಲ್ಲಿ ಅವಳು ನಾಲ್ಕನೆಯವಳಾಗಿ ಬಂದಳು. ದಡದಲ್ಲಿ ನಕ್ಕವರು ನಗು ನಿಲ್ಲಿಸಿದರು. ಎರಡನೆಯದರಲ್ಲಿ ಎರಡನೆಯವಳು. ಈಗ ಕಾರ್ಖಾನೆಯ ಜನ ಜೆಟ್ಟಿಯ ಹತ್ತಿರ ಬಂದು ನಿಂತು ಅವಳ ಹೆಸರು ಕೂಗತೊಡಗಿದರು. ಮುಂದೆ ಇದ್ದವನು ವೆಂಡೆಲ್ಲನ ತಂಗಿಯ ಮಗ ಕರ್ಟ್ ಒಬ್ಬನೇ.

ಇಲ್ಲಿ ಒಂದು ಮಾತು ಹೇಳಬೇಕು. ಈ ಪಂದ್ಯದಲ್ಲಿ ದೋಣಿಗಳು ನಿಂತ ಜಾಗದಿಂದ ಹೊರಡುವುದಿಲ್ಲ. ಐದು ನಿಮಿಷ ಇರುವಾಗ ಪಿಸ್ತೂಲು ಹಾರಿಸುತ್ತಾರೆ. ದೋಣಿಗಳು ನಿಧಾನ ಸುತ್ತುತ್ತಾ, ಜೆಟ್ಟಿಯ ಮೇಲಿನ ದೊಡ್ಡ ಗಡಿಯಾರದ ಮುಳ್ಳು ಸೊನ್ನೆಗೆ ಬಂದ ಮೇಲೆ ಗೆರೆ ದಾಟಬೇಕು. ಕಂಪನಿ ಎಂಜಿನ್ನುಗಳಿಗೆ ನೀರಿನ ಪಂಪು ಇತ್ತು, ಎಷ್ಟು ನಿಧಾನ ಸುತ್ತಿದರೂ ಕಾಯುವುದಿಲ್ಲ. ಹಿಲ್ಮಾಳ ಎಂಜಿನ್ನಿಗೆ ದೋಣಿ ಜೋರಾಗಿ ಓಡಿದರೇ ತಂಪು. ಐದು ನಿಮಿಷ ಹೇಗೋ ತಡೆಯುತ್ತಿತ್ತು. ಎರಡು ಓಟ ನೋಡುವಷ್ಟರಲ್ಲಿ ವೆಂಡೆಲ್ಲನಿಗೂ ಅದು ತಿಳಿದಿತ್ತು.

ಮೂರನೆಯ ಓಟ. ಒಂದು ನಿಮಿಷ ಉಳಿದಿರುವಾಗ ಅವನು ನನ್ನ ಹೆಗಲು ಹಿಡಿದ.

"ಗಡಿಯಾರ ನಿಲ್ಸು. ತಿರುವಿನ ಹತ್ರ ಮರದ ದಿಮ್ಮಿ ತೇಲ್ತಾ ಇದೆ."

ನಿಲ್ಲಿಸಿದೆ. ಅಧ್ಯಕ್ಷ ಹೇಳಿದರೆ ನಿಲ್ಲಿಸಬೇಕು. ದುರ್ಬೀನು ಎತ್ತಿ ನೋಡಿದೆ. ದಿಮ್ಮಿ ಕತ್ತೆತ್ತಿ ಅತ್ತಿತ್ತ ನೋಡಿ ಬುಳಕ್ಕೆಂದು ಮುಳುಗಿತು. ನೀರುಕೋಳಿ.

"ವೆಂಡೆಲ್, ಅದು ಹಕ್ಕಿ."

"ನಾನು ದಿಮ್ಮಿ ನೋಡಿದೆ. ಹುಡುಕ್ತಿದಾರೆ, ತಡಿ."

ದಿಮ್ಮಿ ಇದೆಯೆಂದು ಅವನು ಧ್ವನಿವರ್ಧಕದಲ್ಲೂ ಸಾರಿದ; ಹಕ್ಕಿ ಎಲ್ಲರಿಗೂ ಕಾಣುವಂತೆ ಮತ್ತೆ ಮೇಲೆದ್ದಿತು. ಎರಡು ನಿಮಿಷ ಕಳೆಯಿತು. ನಾಲ್ಕಾಯಿತು. ಒಂಬತ್ತನೇ ನಂಬರಿನಿಂದ ಆವಿ ಏಳತೊಡಗಿತು. ಹಿಲ್ಮಾ ತಲೆಯೆತ್ತಿ ಜೆಟ್ಟಿಯ ಕಡೆ ನೋಡಿದಳು. ನನ್ನನ್ನೇ ನೋಡಿದಳೆಂದು ನನಗನಿಸಿತು. ಆಮೇಲೆ ಕೈ ಚಾಚಿ ಎಂಜಿನ್ ಆರಿಸಿಬಿಟ್ಟಳು. ಎಂಟು ದೋಣಿಗಳ ನಡುವೆ ಅವಳ ಕೆಂಪು ದೋಣಿ ಎಲೆಯಂತೆ ತೇಲುತ್ತಾ ನಿಂತಿತು. ಅವಳು ಹಿಂದಕ್ಕೆ ಬಾಗಿ, ಅವಸರವಿಲ್ಲದೆ, ರಾಟೆಗೆ ಹಗ್ಗ ಸುತ್ತತೊಡಗಿದಳು.

ವೆಂಡೆಲ್ ಧ್ವನಿವರ್ಧಕ ಎತ್ತಿದ. "ಒಂಬತ್ತನೇ ನಂಬರ್ ಕೆಟ್ಟು ನಿಂತಿದೆ. ಎಳ್ಕೊಂಡು ಬನ್ನಿ."

ಎಳೆಯುವ ದೋಣಿ ಹೊರಟಿತು. ಅದರ ಹಗ್ಗ ತಗುಲಿತೋ, ಅವಳು ಪಂದ್ಯದಿಂದ ಹೊರಗೆ, ಅದು ನಿಯಮ. ದೋಣಿಯವನು ಕೊಕ್ಕೆ ಚಾಚಿದ. ಹಿಲ್ಮಾ ಹುಟ್ಟು ಹಿಡಿದು ಮಂಡಿಯ ಮೇಲೆದ್ದಳು. ನೀರಿನ ಮೇಲೆ ಅವಳ ಮಾತು ದಡದವರೆಗೂ ಕೇಳಿಸಿತು.

"ಕೊಕ್ಕೆ ತಾಗಿಸಿ ನೋಡು, ಬೆರಳು ಮುರೀತೀನಿ! ನಾನು ಕೆಟ್ಟು ನಿಂತಿಲ್ಲ. ಕಾಯ್ತಾ ಇದೀನಿ. ನಿಮ್ಮ ಅಧ್ಯಕ್ಷರು ಹಕ್ಕಿ ನೋಡಿ ಮುಗಿಸ್ಲಿ ಅಂತ ಕಾಯ್ತಾ ಇದೀನಿ!"

ದಡದಲ್ಲಿ ದೊಡ್ಡ ನಗೆ ಎದ್ದಿತು. ಈ ಸಲ ಅದು ಅವಳ ಮೇಲಿನದಾಗಿರಲಿಲ್ಲ. ಕೊಕ್ಕೆಯವನು ಕೈ ಹಿಂದೆಗೆದ. ನನ್ನ ಕೈ ಆ ಹೊತ್ತಿಗೆ ಗಡಿಯಾರದ ಗುಂಡಿಯ ಮೇಲಿತ್ತು. ಹದಿನೇಳು ವರ್ಷ ಯಾರೋ ಹೇಳಿದಾಗ ಒತ್ತಿದ ಗುಂಡಿ. ಯಾರೂ ಹೇಳದೆ ಒತ್ತಿದೆ.

"ಲೂಡಿ! ನಾನು ಹೇಳಿದ್ನಾ?"

"ದಾರಿ ಖಾಲಿ ಇದೆ ವೆಂಡೆಲ್. ಮುಳ್ಳು ಓಡ್ತಾ ಇದೆ. ನಿಲ್ಲಿಸ್ಬೇಕಾದ್ರೆ ನೀವೇ ಬಂದು ನಿಲ್ಲಿಸಿ, ಎಲ್ಲರ ಎದುರಿಗೆ."

ಅವನು ಜನರ ಕಡೆ ನೋಡಿದ. ಬರಲಿಲ್ಲ.

ಮುಳ್ಳು ಸೊನ್ನೆಗೆ ಬಂತು. ಎಂಟು ದೋಣಿಗಳು ಗೆರೆ ದಾಟಿ ಕಿರುಚುತ್ತಾ ಹೋದವು. ಹಿಲ್ಮಾ ಕೊನೆಯ ಹತ್ತು ಸೆಕೆಂಡಿನಲ್ಲಿ ಹಗ್ಗ ಎಳೆದಿದ್ದಳು. ಎಂಜಿನ್ ಏಳಲಿಲ್ಲ. ಮತ್ತೆ ನಾಲ್ಕು ಸುತ್ತು ಸುತ್ತಿ ಎಳೆದಳು. ಕೆಮ್ಮಿ ಸುಮ್ಮನಾಯಿತು. ನನ್ನ ಪಕ್ಕದಲ್ಲಿ ಸುಲೋ ಟೋಪಿಯನ್ನು ಬಾಯಲ್ಲಿ ಕಚ್ಚಿ ನಿಂತಿದ್ದ. ಮೂರನೆಯ ಸಲ ಅವಳು ಹಗ್ಗದೊಂದಿಗೆ ತಾನೂ ಹಿಂದಕ್ಕೆ ಬಿದ್ದಳು. ಎಂಜಿನ್ ಹೊತ್ತಿತು. ಬಿದ್ದವಳನ್ನು ಹೊತ್ತುಕೊಂಡೇ ದೋಣಿ ಗೆರೆ ದಾಟಿತು; ಅವಳು ಎದ್ದು ಚಕ್ರ ಹಿಡಿದದ್ದು ಆಮೇಲೆ. ಗೆರೆಯ ಬಳಿ ನಾನು ಬರೆದುಕೊಂಡ ಸಮಯ: ಹದಿಮೂರು ಸೆಕೆಂಡು ತಡ.

ಆ ಓಟ ಐದು ಸುತ್ತಿನದು. ಮೊದಲ ಸುತ್ತಿನಲ್ಲಿ ಹಿಲ್ಮಾ ಕೊನೆಯವಳು. ಎರಡರಲ್ಲಿ ಇಬ್ಬರನ್ನು ದಾಟಿದಳು. ತಿರುವಿನಲ್ಲಿ ಬೇರೆಯವರು ಎಂಜಿನ್ ಇಳಿಸುತ್ತಿದ್ದರು. ಸಾವಿರಾರು ಡಾಲರಿನ ದೋಣಿ ಮಗುಚಿದರೆ ಯಾರಿಗೆ ಬೇಕು? ಅವಳು ಇಳಿಸಲಿಲ್ಲ. ಮೈಯೆಲ್ಲ ಹೊರಗೆ ಚಾಚಿ, ಭುಜ ನೀರಿಗೆ ತಾಗುವಷ್ಟು ವಾಲಿ, ಪೂರ್ತಿ ವೇಗದಲ್ಲೇ ತಿರುಗಿಸಿದಳು. ನಾಲ್ಕನೆಯ ಸುತ್ತಿಗೆ ಮೂರನೆಯವಳು. ಕೊನೆಯ ನೇರ ದಾರಿಯಲ್ಲಿ ಇನ್ನೊಬ್ಬ ಹಿಂದಾದ. ಕರ್ಟ್ ಒಂದು ದೋಣಿಯುದ್ದ ಮುಂದೆ ಗೆರೆ ದಾಟಿದ. ಎರಡನೆಯದು ಒಂಬತ್ತನೇ ನಂಬರು.

ಜೆಟ್ಟಿಗೆ ಬಂದಾಗ ಹಿಲ್ಮಾ ಅರ್ಧ ಅಡಿ ನೀರಿನಲ್ಲಿ ಕುಳಿತಿದ್ದಳು. ಎಂಜಿನ್ನಿನ ಬೆಸುಗೆ ಒಂದು ಕಡೆ ಕೂದಲೆಳೆಯಷ್ಟು ಬಿರಿದು, ತಂಪಿನ ನೀರೆಲ್ಲ ದೋಣಿಯೊಳಗೇ ಸುರಿಯುತ್ತಿತ್ತು. ಇನ್ನೊಂದು ಸುತ್ತಿದ್ದಿದ್ದರೆ ಮುಳುಗುತ್ತಿದ್ದಳು. ಸುಲೋ ನೀರಿನ ಭಯ ಮರೆತು ಮೊಣಕಾಲುದ್ದ ಇಳಿದು ಅವಳನ್ನು ಹಿಡಿದುಕೊಂಡ.

"ಒದ್ದೆ ಆಯ್ತು ಮಾರಾಯ್ತಿ" ಅಂದ. ಕಣ್ಣುಗಳೂ ಒದ್ದೆಯಾಗಿದ್ದವು.

ಒಟ್ಟು ಅಂಕದಲ್ಲಿ ಅವಳು ಎರಡನೆಯವಳು. ವೆಂಡೆಲ್ ಅಲ್ಲಿಗೇ ಬಿಟ್ಟಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬಿಡಲಿಲ್ಲ. "ನಾನೂರ ನಲವತ್ತು ಸಿ.ಸಿ.ಯ ಓಟ ಅಲ್ಲ ಅದು. ಎಂಜಿನ್ ಬಿಚ್ಚಿ ಅಳೀಬೇಕು" ಎಂದ.

ಹಿಲ್ಮಾ ಸ್ಪ್ಯಾನರ್ ಕೇಳಿದಳು. ಕಾದ ಎಂಜಿನ್ನಿಗೆ ಒದ್ದೆ ಬಟ್ಟೆ ಹೊದಿಸಿ, ಜೆಟ್ಟಿಯ ಹಲಗೆಯ ಮೇಲೆ ಕುಳಿತು ಹದಿನೆಂಟು ನಿಮಿಷದಲ್ಲಿ ಬಿಚ್ಚಿದಳು. ತಪಾಸಣೆ ಮಾಡುವವನು ಮೀಲೆ ಬಾಬಿಚ್ ಎಂಬ ಎಪ್ಪತ್ತರ ಮುದುಕ. ಯಾರ ಮುಲಾಜಿಗೂ ಬೀಳದವನು. ಸಿಲಿಂಡರಿನ ಅಗಲ ಅಳೆದ, ಪಿಸ್ಟನ್ನಿನ ಓಡಾಟ ಅಳೆದ, ಪೆನ್ಸಿಲಿನಿಂದ ಹಲಗೆಯ ಮೇಲೇ ಲೆಕ್ಕ ಹಾಕಿದ.

"ನಾನೂರ ಮೂವತ್ತಾರು" ಅಂದ. "ಇನ್ನೂ ನಾಲ್ಕು ಬಾಕಿ ಇಟ್ಟಿದೀಯಲ್ಲ ತಾಯಿ."

ಹಿಲ್ಮಾ ಕೈ ಒರೆಸಿಕೊಂಡು ಎದ್ದಳು. "ಈಗ ಕರ್ಟಂದು ಬಿಚ್ಚಿ."

"ಅದ್ಯಾಕೆ?" ವೆಂಡೆಲ್ ಕೇಳಿದ.

ಅವಳು ನನ್ನ ಕಡೆ ತಿರುಗಿದಳು. ನಾನು ಪುಸ್ತಕ ತೆರೆದೆ. ಒಬ್ಬರ ಎಂಜಿನ್ ಬಿಚ್ಚಿಸಿದರೆ ಮೊದಲ ಮೂವರದೂ ಬಿಚ್ಚಬೇಕೆಂದು ಸ್ಪಷ್ಟವಾಗಿತ್ತು. ಕರ್ಟ್ ಮಾವನ ಮುಖ ನೋಡಿದ. ಮಾವ ನೀರು ನೋಡಿದ. "ಕಂಪನಿಯ ಸೀಲು ಇದೆ, ಒಡೆಯೋ ಹಾಗಿಲ್ಲ" ಎಂದ ಕರ್ಟ್, ಮೆಲ್ಲಗೆ. ಅವನ ಎಂಜಿನ್ನಿನೊಳಗೆ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಏನೂ ಇಲ್ಲದೆಯೂ ಇದ್ದಿರಬಹುದು. ಬಿಚ್ಚಲು ಒಪ್ಪದಿದ್ದರೆ ಅನರ್ಹ ಎಂದು ಪುಸ್ತಕ ಹೇಳುತ್ತಿತ್ತು. ನಾನು ಹಾಗೇ ಬರೆದೆ; ಈಗ ಮೊದಲನೆಯವಳು ಹಿಲ್ಮಾ. ವೆಂಡೆಲ್ "ಬರೀಬೇಡ" ಅಂದ. ಬರೆದಾಗಿತ್ತು.

ಮುಂದೆ ಏನಾಯಿತೆಂದು ಊಹಿಸಬಹುದು. ಕ್ಲಬ್ಬು ಆ ವರ್ಷದ ಸಣ್ಣ ದೋಣಿಗಳ ಫಲಿತಾಂಶವನ್ನೇ ರದ್ದು ಮಾಡಿತು. ಬಹುಮಾನದ ಬಟ್ಟಲು ಯಾರಿಗೂ ಸಿಗಲಿಲ್ಲ. ಆಗಸ್ಟ್ ಸಭೆಯಲ್ಲಿ, ಸರಿಯಾಗಿ ಮೂವತ್ತು ದಿನದ ನೋಟೀಸು ಕೊಟ್ಟು, ಕಂಪನಿ ಎಂಜಿನ್ ಮಾತ್ರವೆಂಬ ತಿದ್ದುಪಡಿ ಪಾಸಾಯಿತು. ಬೇರೊಬ್ಬನನ್ನು ಗಡಿಯಾರಕ್ಕೆ ಹಾಕಿದರು. ಹದಿನೇಳು ವರ್ಷದ ಸೇವೆಗೆಂದು ನನ್ನ ಕೈಗೆ ಒಂದು ಪೆನ್ನು ಕೊಟ್ಟು ಕಳಿಸಿದರು.

ಹಿಲ್ಮಾ ಕೊನೆಯವರೆಗೂ ಕುಳಿತಿದ್ದು ಎದ್ದಳು. "ನಿಮ್ಮ ನಿಯಮ, ನಿಮ್ಮ ಜೆಟ್ಟಿ. ಇಟ್ಕೊಳ್ಳಿ. ಆದ್ರೆ ಒಂದು ತಿಳ್ಕೊಳ್ಳಿ, ನನ್ನನ್ನ ಹೊರಗೆ ಹಾಕೋಕೆ ನಿಮಗೆ ಇಡೀ ಪುಸ್ತಕ ತಿದ್ದಬೇಕಾಯ್ತು. ನೀರಲ್ಲಿ ಆಗ್ಲಿಲ್ಲ."

ಆ ಚಳಿಗಾಲ ಶನಿವಾರ ಬಂತೆಂದರೆ ರೌಟಿಯೋ ಮನೆಯ ಶೆಡ್ಡಿನ ಮುಂದೆ ಟ್ರಕ್ಕುಗಳ ಸಾಲು. ಒಬ್ಬೊಬ್ಬರೂ ಕೊಟ್ಟಿಗೆಯಿಂದ ಎಳೆದುತಂದ ಒಂದೊಂದು ಗಾಡಿ ಇಳಿಸುತ್ತಿದ್ದರು. ಗಣಿಯವರು, ಮರ ಕಡಿಯುವವರು, ಆಸ್ಪತ್ರೆಯ ಬಟ್ಟೆ ಒಗೆಯುವ ಇಬ್ಬರು ಅಕ್ಕತಂಗಿಯರು. ಹಿಲ್ಮಾ ಎಲ್ಲರಿಗೂ ಬೆಸುಗೆ ಕಲಿಸಿದಳು. ದುಡ್ಡು ಮುಟ್ಟಲಿಲ್ಲ. ಒಂದೇ ಕರಾರು: "ಕಲಿತದ್ದನ್ನ ಬಚ್ಚಿಡೋ ಹಾಗಿಲ್ಲ. ಪಕ್ಕದವನು ಕೇಳಿದ್ರೆ ಹೇಳ್ಬೇಕು." ಸುಲೋ ಮೀನಿನ ಸಾರಿಗೆ ದೊಡ್ಡ ಪಾತ್ರೆ ತಂದ. ಅದೂ ಸಾಲದೆ ಬಟ್ಟೆ ಕುದಿಸುವ ಹಂಡೆಯನ್ನು ತಿಕ್ಕಿ ಒಲೆಗೇರಿಸಿದ.

ಓಡಿಸುವುದು ಎಲ್ಲಿ? ಊರಾಚೆ ಗಣಿಯ ಹಳೆಯ ಗುಂಡಿ ಇತ್ತು. ಕೆಲಸ ನಿಂತು, ಪಂಪು ತೆಗೆದ ಮೇಲೆ ಹದಿನಾಲ್ಕು ವರ್ಷದಲ್ಲಿ ಮೈಲುದ್ದ ನೀರು ತುಂಬಿತ್ತು. ಕೆಂಪು ದಂಡೆ, ನೀಲಿ ನೀರು, ತಳ ಎಲ್ಲಿದೆಯೋ. ಗಣಿ ಕಂಪನಿಗೆ ಪತ್ರ ಬರೆದೆವು. ಆಗುವುದಿಲ್ಲವೆಂದು ಎರಡು ಸಾಲಿನ ಉತ್ತರ ಬಂತು. ಜೂನ್ ಎರಡನೆಯ ಭಾನುವಾರ ಹದಿನಾಲ್ಕು ದೋಣಿ ಹೊತ್ತು ಹೋದೆವು.

ಇಳಿಸುವಷ್ಟರಲ್ಲಿ ಕಂಪನಿಯ ಕಾವಲುಗಾರ ಜೀಪಿನಲ್ಲಿ ಬಂದ. ಒಳ್ಳೆಯ ಮನುಷ್ಯನೇ, ಆದರೆ ಕೆಲಸ ಕೆಲಸ. "ಯಾರೂ ಇಲ್ಲಿ ಬರೋ ಹಾಗಿಲ್ಲ. ಹೋಗದೆ ಇದ್ರೆ ಹೆಸರು ಬರ್ಕೋಬೇಕಾಗುತ್ತೆ" ಎಂದು ಪುಸ್ತಕ ತೆಗೆದ.

ಹಿಲ್ಮಾ ಅವನ ಎದುರು ಹೋಗಿ ನಿಂತಳು. "ಈ ಗುಂಡಿ ತೋಡಿದ್ದು ಯಾರಪ್ಪ? ನಮ್ಮಪ್ಪ ಇಪ್ಪತ್ತೆಂಟು ವರ್ಷ ತೋಡಿದ. ಇವತ್ತು ಇದರಲ್ಲಿ ಐದು ಸುತ್ತು ಹಾಕಿ ಹೋಗ್ತೀವಿ. ಬರ್ಕೊ. ಹಿಲ್ಮಾ ರೌಟಿಯೋ. ಕಾಗುಣಿತ ತಪ್ಪಬಾರ್ದು, ಎಲ್ಲರೂ ತಪ್ಪು ಬರೀತಾರೆ."

ಅವನು ಬರೆದುಕೊಂಡ. ಅವಳ ಹಿಂದೆ ಸುಲೋ ಬಂದು ನಿಂತ. "ಅದೇ ಮನೆತನ. ನಾನು ನೀರಿಗಿಳಿಯಲ್ಲ, ಆದ್ರೂ ಬರ್ಕೊ." ಆಮೇಲೆ ನಾನು. ನನ್ನ ಹಿಂದೆ ಮೀಲೆ, ಆ ಅಕ್ಕತಂಗಿಯರು. ತಿರುಗಿ ನೋಡಿದರೆ ದಂಡೆಯ ಮೇಲಿದ್ದ ಜನವೆಲ್ಲ ಸಾಲುಗಟ್ಟಿದ್ದರು. ನೋಡಲು ಬಂದವರು, ದೋಣಿಯ ಗಂಧಗಾಳಿಯೂ ಇಲ್ಲದವರು, ಕೈಗೂಸು ಎತ್ತಿಕೊಂಡ ಹೆಂಗಸರು. ಪ್ರತಿಯೊಬ್ಬರೂ ಹೆಸರು ಹೇಳಿ, ಅವರಪ್ಪ ಆ ಗುಂಡಿಯಲ್ಲಿ ಎಷ್ಟು ವರ್ಷ ದುಡಿದನೆಂದೂ ಹೇಳಿದರು. ಕಾವಲುಗಾರನ ಹಾಳೆ ತುಂಬಿತು. ಹಿಂಬದಿಯೂ ತುಂಬಿತು. ಕೊನೆಗೆ ಅವನು ಪುಸ್ತಕ ಮಡಚಿ ಜೀಪಿನ ಮೂತಿಯ ಮೇಲೆ ಕುಳಿತ.

"ಬೇಗ ಮುಗ್ಸಿ" ಅಂದ.

ನಾನು ನನ್ನ ಸ್ವಂತ ಗಡಿಯಾರ ಹಿಡಿದೆ. ಹದಿನಾಲ್ಕು ಎಂಜಿನ್ನುಗಳು ಒಮ್ಮೆಗೇ ಕೂಗಿದಾಗ ಆ ಕೆಂಪು ಗೋಡೆಗಳು ಮಾರ್ದನಿಗೊಟ್ಟ ಬಗೆಯನ್ನು ನಾನು ಹೇಳಲಾರೆ. ಗೆದ್ದವಳು ಬಟ್ಟೆ ಒಗೆಯುವ ಅಕ್ಕತಂಗಿಯರಲ್ಲಿ ಕಿರಿಯವಳು. ಹಿಲ್ಮಾ ಐದನೆಯವಳಾಗಿ ಬಂದಳು.

ದಡಕ್ಕೆ ಬಂದವಳ ಮುಖ ಸಿಡುಕಾಗಿತ್ತು. ಸುಲೋ ಟವೆಲ್ ಹಿಡಿದು ಓಡಿದ. "ಬೇಜಾರೇನೆ?"

"ಬೇಜಾರಲ್ದೆ ಮತ್ತೆ! ಐದನೇದು! ನಂಗೆ ಗೊತ್ತಿದ್ದದ್ದೆಲ್ಲ ಇವ್ರಿಗೆ ಹೇಳ್ಕೊಟ್ಟು ಕೂತೆ" ಎಂದಳು. ಟವೆಲ್ ತೆಗೆದುಕೊಳ್ಳಲೂ ನಿಲ್ಲದೆ, ನೀರು ಸುರಿಸುತ್ತಾ, ಗೆದ್ದವಳ ದೋಣಿಯ ಕಡೆ ದಾಪುಗಾಲು ಹಾಕಿದಳು.

"ಏ ಹುಡ್ಗಿ, ಮುಚ್ಚಳ ತೆಗಿ. ಸಿಲಿಂಡರ್ ಒಳಗೆ ಏನ್ ಮಾಡಿದೀಯ? ತೋರ್ಸು. ಕರಾರು ಇದೆ, ಬಚ್ಚಿಡೋ ಹಾಗಿಲ್ಲ!"